ಮುದುಕಿ ಎಲ್ಲಿ?

ಆ ಹೋಟೆಲಿನ ಅಡುಗೆಮನೆಯಲ್ಲಿ ಮುದುಕಿ ಅಂದರೆ ಒಂದು ಹಂಡೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾರೂ ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಲಿಲ್ಲ, ಅದಕ್ಕೇ ಇಷ್ಟೆಲ್ಲ ರಾದ್ಧಾಂತವಾದದ್ದು. ದಪ್ಪ ತಳ, ಒಬ್ಬ ಮನುಷ್ಯ ಮಂಡಿ ಮಡಚಿ ಒಳಗೆ ಕೂರಬಹುದಾದಷ್ಟು ಹೊಟ್ಟೆ, ಹೊರಗೆಲ್ಲ ಕಪ್ಪು, ಒಳಗೆ ಕನ್ನಡಿಯ ಹಾಗೆ ಹೊಳಪು. ಎರಡು ಕಿವಿ. ಎಡಗಿವಿ ಒಂದು ಸಲ ಕಿತ್ತು ಬಂದು ರಿವೆಟ್ ಹೊಡೆಸಿಕೊಂಡಿತ್ತು. ಆ ಬೀದಿಯವರೆಲ್ಲ ಮಧ್ಯಾಹ್ನ ಬಂದು ಕುಡಿಯುವ ಮೂಳೆ ಸೂಪು ಬೇಯುತ್ತಿದ್ದದ್ದು ಅದರಲ್ಲೇ.

ಹೆಸರಿಟ್ಟವರು ಅತ್ತೆ. ಹೋಟೆಲು ಶುರು ಮಾಡಿದವರೂ ಅವರೇ. ಹಂಡೆ ತಂದ ಹೊಸತರಲ್ಲಿ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಬೇಗ ಕಾಯಲ್ಲ, ಕಾದ್ರೆ ಬೇಗ ಆರಲ್ಲ, ದಿನಾ ಪೂರ್ತಿ ಗೊಣಗೊಣ ಅಂತಾನೇ ಇರತ್ತೆ. ನಮ್ಮತ್ತೆನೇ ಇದು," ಅಂದರಂತೆ. ಅವರ ಅತ್ತೆ ಆಗಿನ್ನೂ ಬದುಕಿದ್ದರು, ಕಿವಿಯೂ ಚುರುಕಾಗಿತ್ತು. ಅತ್ತೆ ಅಂತ ಹಂಡೆಯನ್ನು ಕರೆಯುವ ಹಾಗಿಲ್ಲವಲ್ಲ, ಮುದುಕಿ ಅಂತಾಯಿತು. ಆಮೇಲೆ ಆ ಹೆಸರು ಅಡುಗೆಮನೆಗೇ ಅಂಟಿಕೊಂಡಿತು. ಮುದುಕಿ ತಳ ಹಿಡಿದಳು, ಮುದುಕಿಗೆ ನೀರು ಸಾಲದು, ಮುದುಕಿನ ಬೋರಲು ಹಾಕಿ ಉಜ್ಜಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲು ಬೆಚ್ಚಿಬೀಳುತ್ತಿದ್ದರು, ವಾರ ಕಳೆಯುವುದರೊಳಗೆ ತಾವೂ ಹಾಗೇ ಕೂಗುತ್ತಿದ್ದರು.

ಅತ್ತೆ ಕೂರುತ್ತಿದ್ದದ್ದು ಬಾಗಿಲ ಪಕ್ಕದ ಗಲ್ಲಾದಲ್ಲಿ. ಗಿರಾಕಿಗಳಿಗೆ ಅವರು ಗಲ್ಲಾ ಅಮ್ಮ. ಮಧ್ಯಾಹ್ನ ಮೊದಲ ಗಿರಾಕಿ ಕುರ್ಚಿ ಎಳೆದುಕೊಂಡ ಸದ್ದು ಕೇಳಿದರೆ ಸಾಕು, ತಲೆ ತಿರುಗಿಸದೆಯೇ ಒಳಗಿನವರಿಗೆ ಕೇಳುವ ಹಾಗೆ ಒಂದು ಕೂಗು ಹಾಕುತ್ತಿದ್ದರು: "ಮುದುಕಿ ಎಲ್ಲಿ?" ಆಗ ಅಡುಗೆಯಣ್ಣನೂ ಇನ್ನೊಬ್ಬನೂ ಹಂಡೆಯ ಎರಡು ಕಿವಿಗೆ ಕೋಲು ತೂರಿಸಿ, "ಬಂದ್ಲಮ್ಮಾ, ಬಂದ್ಲು," ಅನ್ನುತ್ತ ಹೊತ್ತು ತಂದು ಬಡಿಸುವ ಕಟ್ಟೆಯ ಮೇಲಿಡುತ್ತಿದ್ದರು. ಆ ಕೂಗು ಕೇಳಿ ಎದುರಿನ ಜೆರಾಕ್ಸ್ ಅಂಗಡಿಯವನು ಅಂಗಡಿಗೆ ಅರ್ಧ ಷಟರ್ ಎಳೆದು ಊಟಕ್ಕೆ ಬರುತ್ತಿದ್ದ. ಬೀದಿಗೆ ಅದೇ ಗಡಿಯಾರ.

ಅಂಥ ಅತ್ತೆಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಕೈಕಾಲು ಮೆಲ್ಲಗೆ ಸ್ವಾಧೀನಕ್ಕೆ ಬಂದವು. ಬಾರದೆ ಉಳಿದದ್ದು ಮುಖ. ಬಲಗೆನ್ನೆ ಜಾರಿತು, ತುಟಿ ಓರೆಯಾಯಿತು, ಮಾತಿನಲ್ಲಿ ಪ, ಬ, ಮ ಮೂರೂ ಸೋರಿಹೋದವು. ಓದುವವರಿಗೆ ಅನುಕೂಲವಾಗಲಿ ಅಂತ ಇಲ್ಲಿ ಅವರ ಮಾತನ್ನು ನೆಟ್ಟಗೇ ಬರೆದಿದೆ, ಆದರೆ ಅದು ನೆಟ್ಟಗೆ ಬರುತ್ತಿರಲಿಲ್ಲ ಅನ್ನುವುದು ನೆನಪಿರಲಿ. ಆಸ್ಪತ್ರೆಯಿಂದ ಬಂದ ದಿನ ಸೊಸೆಯ ಹತ್ತಿರ ಕನ್ನಡಿ ಕೇಳಿ ಇಸಿದುಕೊಂಡು ನೋಡಿದರು. ನೋಡಿ, ಹಾಸಿಗೆಯ ಮೇಲೆ ಬೋರಲು ಹಾಕಿದರು.

"ಗಲ್ಲಾದಲ್ಲಿ ಕೂರೋಕೆ ಗಲ್ಲ ನೆಟ್ಟಗಿರ್ಬೇಕು ಕಣೇ," ಅಂದರು. "ಈ ಮುಖಾನ ಯಾರಿಗೂ ತೋರಿಸ್ಬೇಡ. ಕಾಯಿಲೆ ಅಂತಾನೂ ಹೇಳ್ಬೇಡ. ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಮಾತು ಕೊಡು."

ಸೊಸೆ ಮಾತು ಕೊಟ್ಟಳು. ಕೊಡದೆ ಏನು ಮಾಡುತ್ತಾಳೆ? ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮುದುಕಿಗೆ ಎರಡೆರಡು ಸಲ ಉಪ್ಪು ಸುರಿದು, ಇಡೀ ಬೀದಿ ಮುಖ ಕಿವುಚಿಕೊಂಡು ಕುಳಿತಿದ್ದಾಗ, ಇದೇ ಅತ್ತೆ ಗಲ್ಲಾದಿಂದ ಎದ್ದು ನಿಂತು, "ಇವತ್ತು ನನ್ನ ಕೈ ತಪ್ತು, ಯಾರೂ ಬೈಕೋಬೇಡಿ," ಅಂದಿದ್ದರು. ಒಳಗೆ ಬಂದ ಮೇಲೂ ಒಂದು ಮಾತು ಆಡಲಿಲ್ಲ. ನಾಲ್ಕು ಜನರೆದುರು ತನ್ನ ಮುಖ ಉಳಿಸಿದವರು ಈಗ ತಮ್ಮ ಮುಖ ಉಳಿಸು ಅನ್ನುತ್ತಿದ್ದಾರೆ. ಸೊಸೆಗೆ ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಕಾಣಲಿಲ್ಲ.

ಅಂದಿನಿಂದ ಅತ್ತೆ ಹೋಟೆಲಿನ ಮೇಲಿನ ಕೋಣೆಯಲ್ಲಿ, ಸೊಸೆ ಕೆಳಗೆ. ಗಲ್ಲಾದಲ್ಲಿ ಗಂಡ ಕೂರುತ್ತಿದ್ದ. ಒಳ್ಳೆಯವನೇ, ಆದರೆ ಅಮ್ಮ ಕೂಗಿದ ಹಾಗೆ ಕೂಗುವ ಗಂಟಲು ಅವನಿಗಿರಲಿಲ್ಲ. ಮಧ್ಯಾಹ್ನ ಸೂಪು ಸದ್ದಿಲ್ಲದೆ ಹೊರಗೆ ಬರುತ್ತಿತ್ತು. ಗಲ್ಲಾ ಅಮ್ಮ ಎಲ್ಲಿ ಅಂತ ಯಾರಾದರೂ ಕೇಳಿದರೆ, "ವಿಶ್ರಾಂತಿ ತಗೋತಿದಾರೆ," ಅನ್ನುತ್ತಿದ್ದಳು ಸೊಸೆ. ಸುಳ್ಳೇನಲ್ಲ. ಸಂಜೆಹೊತ್ತು ಮೇಲೆ ಹೋಗಿ, "ಒಂದ್ಸಲ ಕೆಳಗೆ ಬನ್ನಿ ಅತ್ತೆ," ಅಂತ ಗೋಗರೆದರೂ ಅವರು ಜಪ್ಪಯ್ಯ ಅನ್ನುತ್ತಿರಲಿಲ್ಲ.

ಹೀಗಿರುವಾಗ ಚಮಚದವನು ಬಂದ. ಊರಿನ ಹೋಟೆಲುಗಳಿಗೆಲ್ಲ ಹೋಗಿ ತಿಂದು ವಿಡಿಯೋ ಹಾಕುವವನು. ಶುರುವಿಗೆ ಬಟ್ಟಲಿಗೆ ಚಮಚ ಕುಟ್ಟುವುದು ಅವನ ಗುರುತು, ಅದಕ್ಕೆ ಆ ಹೆಸರು. ಪಾಪ, ಅವನದ್ದೇನೂ ತಪ್ಪಿಲ್ಲ. ಸೂಪು ಕುಡಿದು ಕಣ್ಣು ಮುಚ್ಚಿ, "ಇಂಥ ಸೂಪು ನಾನು ಎಲ್ಲೂ ಕುಡಿದಿಲ್ಲ," ಅಂದ. ಆದರೆ ಅವನು ಕಣ್ಣು ಮುಚ್ಚಿಕೊಂಡಿದ್ದಾಗ ಹಿಂದುಗಡೆಯ ಕಿಂಡಿಯಿಂದ ಅಡುಗೆಯಣ್ಣನೂ ಪಾತ್ರೆ ತೊಳೆಯುವ ಅಕ್ಕನೂ ಆಡಿದ ಮಾತು ಅವನ ಮೈಕಿಗೆ ಸ್ಫುಟವಾಗಿ ಕೇಳಿಸಿತ್ತು.

"ಮುದುಕಿ ಬೆಂದಳಾ?"

"ಬೆಂದು ಆಗ್ಲೇ ಎಷ್ಟೊತ್ತಾಯ್ತು."

"ಮೂಳೆ ತೆಗೆದಾಯ್ತಾ?"

"ಎಲ್ಲಾ ಬಕೆಟ್ಟಿಗೆ ಹಾಕಿದೀನಿ. ಅಕ್ಕ ನೋಡೋಕ್ಮುಂಚೆ ಸಾಗಿಸ್ಬಿಡು, ಇಲ್ಲಾಂದ್ರೆ ಸುಮ್ನೆ ಬೈಸ್ಕೋಬೇಕು."

ಅಕ್ಕ ಅಂದರೆ ಸೊಸೆ. ಮೂಳೆ ಬಕೆಟ್ಟು ದಾರಿಯಲ್ಲಿ ಬಿದ್ದಿದ್ದರೆ ಅವಳಿಗೆ ಆಗುತ್ತಿರಲಿಲ್ಲ, ಅಷ್ಟೇ ವಿಷಯ. ವಿಡಿಯೋ ಕೆಳಗೆ ಯಾರೋ ಒಬ್ಬ ಪುಣ್ಯಾತ್ಮ ಬರೆದ: ಹಿಂದೆ ಏನು ಮಾತಾಡ್ತಿದಾರೆ ಅಂತ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಅದರ ಕೆಳಗೆ ಇನ್ನೊಬ್ಬ ಬರೆದ: ಅಲ್ಲಿ ಗಲ್ಲಾದಲ್ಲಿ ಒಬ್ಬರು ಅಮ್ಮ ಕೂರ್ತಿದ್ರಲ್ಲ, ತುಂಬ ದಿನದಿಂದ ಕಂಡಿಲ್ಲ. ಮೂರನೆಯವನೊಬ್ಬ ಬಂದು ಎರಡನ್ನೂ ಗಂಟು ಹಾಕಿದ. ಸಂಜೆಯ ಹೊತ್ತಿಗೆ ಸೊಸೆ ಅತ್ತೆಯನ್ನು ಕೊಂದು ಸೂಪು ಮಾಡಿದ್ದಳು.

ನಗು ಬರುತ್ತದೆ ಅಲ್ಲವಾ? ಅವಳಿಗೂ ಮೊದಲು ನಗುವೇ ಬಂತು. ಅಡುಗೆಮನೆಯಲ್ಲೆಲ್ಲ ಬಿದ್ದೂ ಬಿದ್ದೂ ನಕ್ಕರು. ಆದರೆ ತಲೆಬುಡ ಇಲ್ಲದ ಮಾತಿಗೂ ಉಪ್ಪುಖಾರ ಹಚ್ಚುವವರು ಇದ್ದೇ ಇರುತ್ತಾರೆ. ಅಮ್ಮ ಕಾಣೆಯಾದ ತಿಂಗಳೇ ಹೋಟೆಲಿಗೆ ಹೊಸ ದೊಡ್ಡ ಫ್ರಿಜ್ಜು ಬಂದಿದೆ ಅಂತ ಒಬ್ಬ ಕಂಡುಹಿಡಿದ. ಮೇಲಿನ ಕೋಣೆಯ ಪರದೆ ಯಾವತ್ತೂ ಸರಿದಿಲ್ಲ ಅಂತ ಇನ್ನೊಬ್ಬ. ಈಚೆಗೆ ಸೂಪು ಮೊದಲಿಗಿಂತ ರುಚಿಯಾಗಿದೆ ಅಂತ ಹಿಂದೆ ಯಾರೋ ಹೊಗಳಿ ಬರೆದಿದ್ದರು, ಈಗ ಅದೂ ಸಾಕ್ಷಿಯಾಯಿತು. ಎಲ್ಲದರ ಮೇಲೂ ಒಂದೇ ತಲೆಬರಹ: ಮುದುಕಿ ಎಲ್ಲಿ?

ಗಂಡ ಬುದ್ಧಿವಂತಿಕೆ ಮಾಡಲು ಹೋದ. ಹಂಡೆಯ ಫೋಟೋ ತೆಗೆದು, ನಮ್ಮ ಅಡುಗೆಮನೆಯಲ್ಲಿ ಮುದುಕಿ ಅಂದರೆ ಇದೇ, ದಯವಿಟ್ಟು ತಪ್ಪು ತಿಳಿಯಬೇಡಿ ಅಂತ ಹಾಕಿದ. ಅರ್ಧ ಗಂಟೆಯಲ್ಲಿ ಅದೇ ಫೋಟೋ ಊರೆಲ್ಲ ಸುತ್ತಿ ವಾಪಸ್ಸು ಬಂತು. ಕೆಳಗೆ ಹೀಗಿತ್ತು: ಬೇಯಿಸಿದ್ದು ಇದರಲ್ಲೇ ಅಂತ ಮಗನೇ ಒಪ್ಪಿಕೊಂಡಿದ್ದಾನೆ.

ಮೊದಲು ಸಂಜೆಯ ಗಿರಾಕಿಗಳು ಕಮ್ಮಿಯಾದರು, ಆಮೇಲೆ ಮಧ್ಯಾಹ್ನದವರು. ಫೋನು ಬಡಿದುಕೊಳ್ಳುತ್ತಲೇ ಇತ್ತು; ಎತ್ತಿದರೆ ಯಾವುದೋ ಗಂಟಲು "ಒಂದು ಪ್ಲೇಟ್ ಅತ್ತೆ ಪಾರ್ಸೆಲ್" ಅಂದು ಕಿಸಕ್ಕನೆ ನಕ್ಕು ಇಡುತ್ತಿತ್ತು. ಷಟರಿನ ಮೇಲೆ ಯಾರೋ ಬಣ್ಣದಲ್ಲಿ ಗೀಚಿದರು. ಸೊಸೆ ಬೆಳಿಗ್ಗೆ ಎದ್ದು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಷಟರ್ ಎತ್ತಿ, ಒಲೆ ಹಚ್ಚಿದಳು. ಮಾರನೆಯ ದಿನ ಮತ್ತೆ ಗೀಚಿದರು, ಅವಳು ಮತ್ತೆ ಉಜ್ಜಿದಳು. ಕೈಯ ಚರ್ಮ ಸುಲಿದಿತ್ತು. ಇದೆಲ್ಲ ಅತ್ತೆಯ ಕಿವಿಗೆ ಬೀಳದ ಹಾಗೆ ಮೇಲಿನ ಫೋನನ್ನು ರಿಪೇರಿಗೆ ಕೊಟ್ಟಿದ್ದೇನೆ ಅಂತ ಹೇಳಿ ಕೆಳಗಿಟ್ಟುಕೊಂಡಿದ್ದಳು.

ಪೊಲೀಸರೂ ಬಂದರು. ದೂರಿನ ಮೇಲೆ ದೂರು ಹೋದ ಮೇಲೆ ಅವರಾದರೂ ಏನು ಮಾಡುತ್ತಾರೆ. ಬಂದ ಹೆಂಗಸು ಅಧಿಕಾರಿಯನ್ನು ಸೊಸೆ ಮೆಟ್ಟಿಲ ಬುಡದಲ್ಲೇ ತಡೆದಳು.

"ಮೇಲೆ ಬನ್ನಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಒಬ್ರೇ ಬನ್ನಿ, ಟೋಪಿ ಇಲ್ಲೇ ಇಟ್ಟು ಬನ್ನಿ. ಈ ಶಾಲು ಹೊದ್ಕೊಳ್ಳಿ. ಬಿಪಿ ನೋಡೋಕೆ ಬಂದ ನರ್ಸು ನೀವು."

ಅಧಿಕಾರಿ ಅವಳನ್ನು ಒಂದು ಗಳಿಗೆ ನೋಡಿ, ಟೋಪಿ ತೆಗೆದರು. ಮೇಲೆ ಹೋಗಿ ಅತ್ತೆಯ ಕೈ ಹಿಡಿದು ಕುಳಿತು, ಹೇಗಿದ್ದೀರಿ ಅಂತ ಕೇಳಿ ಕೆಳಗಿಳಿದು ಬಂದರು. ಇಳಿಯುವಾಗ ಅವರ ಮುಖ ಮೆತ್ತಗಾಗಿತ್ತು. "ನಾನು ಬರೆದು ಕೊಡ್ತೀನಿ, ನೀವು ಧೈರ್ಯವಾಗಿರಿ," ಅಂದರು. ಅತ್ತೆ ಮಾತ್ರ ರಾತ್ರಿ ಊಟದಲ್ಲಿ, "ಎಲ್ಲಿಂದ ಹಿಡ್ಕೊಂಡು ಬಂದ್ಯೇ ಆ ನರ್ಸನ್ನ? ನಾಡಿ ಹಿಡಿಯೋಕೇ ಬರಲ್ಲ ಅವಳಿಗೆ," ಅಂತ ಗೊಣಗಿದರು. ಅಜ್ಜಿ ಕ್ಷೇಮವಾಗಿದ್ದಾರೆ ಅಂತ ಠಾಣೆಯವರು ಹೇಳಿದ್ದೂ ಆಯಿತು. ಜನ ಏನಂದರು ಗೊತ್ತಾ? ಅಯ್ಯೋ, ಪೊಲೀಸಿನವರೂ ಅಲ್ಲೇ ಊಟ ಮಾಡ್ತಾರೆ ಬಿಡ್ರಿ, ಅಂದರು.

ಆ ರಾತ್ರಿ ಗಂಡ ಫೋನು ಹಿಡಿದು ಮೆಟ್ಟಿಲು ಹತ್ತಲು ಹೊರಟ. ಸೊಸೆ ಅಡ್ಡ ನಿಂತಳು.

"ಅರ್ಧ ನಿಮಿಷ ಸಾಕು ಕಣೇ. ಅಮ್ಮ ನಿದ್ದೆ ಮಾಡ್ತಿರೋದನ್ನೇ ತೆಗೀತೀನಿ. ಅವರಿಗೆ ಗೊತ್ತೂ ಆಗಲ್ಲ."

"ನಿಮಗೆ ಗೊತ್ತಾಗತ್ತಲ್ಲ. ನನಗೆ ಗೊತ್ತಾಗತ್ತಲ್ಲ."

"ಹಂಗಾದ್ರೆ ಹೋಟೆಲು ಮುಚ್ಕೊಂಡು ಹೋಗೋಣ್ವಾ? ಅಮ್ಮ ಕಟ್ಟಿದ್ದು ಇದು."

"ಅಮ್ಮ ಕಟ್ಟಿದ್ದನ್ನ ಉಳಿಸೋಕೆ ಅಮ್ಮನ್ನೇ ಬೀದಿಗೆ ತರ್ತೀರಾ? ಅವರು ಬೇಡ ಅಂದಿದಾರೆ. ಅಲ್ಲಿಗೆ ಮುಗೀತು. ಹೋಟೆಲ್ನ ನಾನು ಮುಚ್ಚಲ್ಲ, ಅವರನ್ನೂ ತೋರಿಸಲ್ಲ. ಎರಡೂ ಆಗತ್ತೆ."

"ಹೆಂಗೆ?"

ಹೇಗೆ ಅಂತ ಅವಳಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅಂತ ಹೇಳುವ ಹೆಂಗಸಲ್ಲ ಅವಳು. "ನಾಳೆ ಷಟರ್ ಎತ್ತಿ, ಆಮೇಲೆ ಹೇಳ್ತೀನಿ," ಅಂದಳು. ಗಂಡ ಫೋನನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೇ ಕುಳಿತುಬಿಟ್ಟ. ಅವನನ್ನು ನೋಡಿ ಅವಳಿಗೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು.

ಒಂದು ತಪ್ಪು ಅವಳೂ ಮಾಡಿದಳು. ಅಡುಗೆಮನೆಯಲ್ಲಿ ಇನ್ನು ಮುಂದೆ ಯಾರೂ ಮುದುಕಿ ಅನ್ನಕೂಡದು ಅಂತ ಕಟ್ಟಪ್ಪಣೆ ಮಾಡಿದಳು. ದೊಡ್ಡ ಪಾತ್ರೆ ಅನ್ನಿ, ಸೂಪಿನ ಪಾತ್ರೆ ಅನ್ನಿ, ಏನು ಬೇಕಾದರೂ ಅನ್ನಿ, ಅದೊಂದು ಬೇಡ. ಅವತ್ತೇ ಸೂಪು ಉಕ್ಕಿತು. ಅಡುಗೆಯಣ್ಣ ಕೈಯಲ್ಲಿ ಬೇರೆ ಕೆಲಸ ಹಿಡಿದಿದ್ದವನು, "ಏ, ಆ... ಅದು... ದೊಡ್ಡದನ್ನ ಇಳಿಸ್ರೋ," ಅಂತ ತಡವರಿಸಿದ. ಇದ್ದವರು ಆಲೂಗೆಡ್ಡೆ ಬೇಯುತ್ತಿದ್ದ ದೊಡ್ಡ ಪಾತ್ರೆಯನ್ನು ಇಳಿಸಿದರು. ಅದು ಅಲ್ಲ ಅಂತ ಗೊತ್ತಾಗುವಷ್ಟರಲ್ಲಿ ಮುದುಕಿ ಅರ್ಧ ಒಲೆಗೆ ಚೆಲ್ಲಿ ಇನ್ನರ್ಧ ತಳ ಹತ್ತಿ, ಬೆಳಗಿನಿಂದ ಬೆಂದದ್ದೆಲ್ಲ ಮೋರಿಗೆ ಹೋಯಿತು. ಪಾತ್ರೆ ಅಕ್ಕ ತಳ ಕೆರೆಯುತ್ತ, "ಹೆಸರಿಲ್ದೆ ಇದ್ರೆ ಕೆಲಸ ಹೆಂಗಕ್ಕ ಮಾಡೋದು?" ಅಂದಳು. ಅವಳು ಬೈಯಲಿಲ್ಲ, ಕೇಳಿದಳು ಅಷ್ಟೆ.

ಸೊಸೆ ಸುಟ್ಟ ಹಂಡೆಯ ಮುಂದೆ ನಿಂತಳು. ಎಲ್ಲೋ ಕುಳಿತು ಫೋನು ತೀಡುವವರು ತನ್ನ ಅಡುಗೆಮನೆಯ ಮಾತನ್ನೇ ಕಿತ್ತುಕೊಂಡುಬಿಟ್ಟರಲ್ಲ ಅಂತ ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಇನ್ಮೇಲೆ ಮುದುಕಿನ ಮುದುಕಿ ಅಂತಲೇ ಕರೀರಿ," ಅಂದಳು. "ಮೆತ್ತಗೆ ಬೇಡ. ಬೀದಿಗೆ ಕೇಳ್ಬೇಕು."

ಮಾರನೆಯ ಮಧ್ಯಾಹ್ನ ಅವಳು ಹೊಸದಾಗಿ ಮಾಡಿದ ಸೂಪನ್ನು ಒಂದು ಬಟ್ಟಲಿಗೆ ಹಾಕಿಕೊಂಡು, ಮೇಲೆ ಕಾಳುಮೆಣಸಿನ ಪುಡಿ ಜಾಸ್ತಿ ಉದುರಿಸಿಕೊಂಡು, ಬೀದಿ ದಾಟಿ ಜೆರಾಕ್ಸ್ ಅಂಗಡಿಗೆ ಹೋದಳು. ವರ್ಷಗಟ್ಟಲೆ ಅವರಲ್ಲಿ ಉಂಡವನು ಈಗ ಊಟಕ್ಕೆ ಬರುವುದು ಬಿಟ್ಟಿದ್ದ. ಅಷ್ಟೇ ಆಗಿದ್ದರೆ ಅವಳು ಹೋಗುತ್ತಿರಲಿಲ್ಲ. ಮೇಲಿನ ಕೋಣೆಯ ಕಿಟಕಿಯ ಫೋಟೋ ದಿನಕ್ಕೊಂದು ಹಾಕುತ್ತಿದ್ದವನು ಅವನೇ ಅಂತ ಗಂಡ ಪತ್ತೆ ಮಾಡಿದ್ದ. ಆ ಕೋನದಿಂದ ಕಿಟಕಿ ಕಾಣುವುದು ಅವನ ಅಂಗಡಿಯಿಂದ ಮಾತ್ರ. ಅವಳು ಬಟ್ಟಲನ್ನು ಮೆಷಿನ್ನಿನ ಪಕ್ಕ ಇಟ್ಟಳು.

"ಏನಣ್ಣ, ಊಟಕ್ಕೆ ಬರಲ್ಲ ಈಚೆಗೆ?"

"ನನಗೇನೂ ಅನುಮಾನ ಇಲ್ಲಮ್ಮ," ಅಂದ ಅವನು, ಅವಳು ಅನುಮಾನದ ಮಾತೇ ಎತ್ತಿರಲಿಲ್ಲ. "ಪ್ರಶ್ನೆ ಕೇಳ್ತಿದೀನಿ ಅಷ್ಟೆ. ಪ್ರಶ್ನೆ ಕೇಳೋದು ತಪ್ಪಾ?"

"ತಪ್ಪಿಲ್ಲ. ನನ್ನ ಕೇಳಿ. ಇಲ್ಲೇ ಎದುರಿಗಿದೀನಲ್ಲ."

"ಒಂದ್ಸಲ ಕಿಟಕಿ ಹತ್ರ ಕರ್ಕೊಂಡು ಬಂದು ತೋರಿಸ್ಬಿಡಿ. ಅಲ್ಲಿಗೆ ಎಲ್ಲರ ಬಾಯಿ ಮುಚ್ಚತ್ತೆ."

"ತೋರಿಸೋಕೆ ಅವರೇನು ಗಾಜಿನ ಡಬ್ಬೀಲಿಟ್ಟ ಬಿಸ್ಕತ್ತಾ ಅಣ್ಣ?"

ಅವನು ಮೆಷಿನ್ನಿನ ಮುಚ್ಚಳ ಎತ್ತಿ ಇಳಿಸಿ ಏನೋ ಕೆಲಸ ಇರುವ ಹಾಗೆ ಮಾಡಿದ. ಅವಳು ಬಟ್ಟಲು ಅಲ್ಲೇ ಬಿಟ್ಟು ಬಂದಳು. ಸಂಜೆ ಅದು ಹಾಗೇ, ಕೆನೆಗಟ್ಟಿ, ಅಂಗಡಿಯ ಹೊರಗಿನ ಮೆಟ್ಟಿಲ ಮೇಲಿತ್ತು.

ಅದಾದ ವಾರದ ಕೊನೆಗೆ ಜನ ಬಂದರು. ಹೋಟೆಲಿನ ಮುಂದೆ ಸೇರೋಣ, ಸತ್ಯ ಹೊರಗೆ ತರೋಣ ಅಂತ ಯಾರೋ ಕರೆ ಕೊಟ್ಟಿದ್ದರಂತೆ. ಮಧ್ಯಾಹ್ನದ ಬಿಸಿಲಿಗೆ ಬೀದಿ ತುಂಬಿತು. ಇಷ್ಟು ಜನ ಊಟಕ್ಕೆ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಅಡುಗೆಯಣ್ಣ ಆ ಗಾಬರಿಯಲ್ಲೂ ಅಂದ. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಫೋನೂ ಮೇಲಕ್ಕೆ. ಮುಂದಿನ ಸಾಲಿನಲ್ಲಿ ಜೆರಾಕ್ಸಿನವನು. ಯಾರೋ ಶುರು ಮಾಡಿದರು, ಉಳಿದವರು ಹಿಡಿದುಕೊಂಡರು:

"ಮುದುಕಿ ಎಲ್ಲಿ? ಮುದುಕಿ ಎಲ್ಲಿ?"

"ಷಟರ್ ಎಳೆದುಬಿಡೋಣ," ಅಂದ ಗಂಡ.

"ಊಟದ ಹೊತ್ತಲ್ಲಿ ಷಟರ್ ಎಳೆಯೋದಾ?" ಅಂದಳು ಸೊಸೆ. ಕೈಯಲ್ಲಿ ಸೂಪಿನ ಸೌಟು ಹಾಗೇ ಇತ್ತು. ಬಾಗಿಲಿಗೆ ಹೋಗಿ ಅಡ್ಡ ನಿಂತಳು. "ಊಟ ಮಾಡೋರು ಒಳಗೆ ಬನ್ನಿ, ಕುರ್ಚಿ ಖಾಲಿ ಇದೆ. ಮೆಟ್ಟಿಲು ಹತ್ತೋರು ಮಾತ್ರ ನನ್ನ ದಾಟ್ಕೊಂಡು ಹತ್ಬೇಕು." ಅವಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೂಗು ಮಾತ್ರ ಏರುತ್ತಲೇ ಹೋಯಿತು. ಗೋಡೆ ಹತ್ತಿತು, ಪರದೆ ಹಾಕಿದ ಕಿಟಕಿಯವರೆಗೂ ಹತ್ತಿತು.

ಮೇಲೆ ಅತ್ತೆ ಊಟ ಮುಗಿಸಿ ಕಣ್ಣು ಮುಚ್ಚಿದ್ದರು. ಅವರ ಕಿವಿಗೆ ಬಿದ್ದದ್ದೇನು? ಅರ್ಧ ಆಯುಷ್ಯ ತಾವೇ ಕೂಗಿದ ಮಾತು. ಅದೇ ಮಧ್ಯಾಹ್ನ, ಅದೇ ಹೊತ್ತು, ಕೆಳಗಿನಿಂದ ನೂರಾರು ಗಂಟಲು: ಮುದುಕಿ ಎಲ್ಲಿ, ಮುದುಕಿ ಎಲ್ಲಿ. ಬೇರೆ ಯಾರಿಗಾದರೂ ಎದೆ ಒಡೆದುಹೋಗುತ್ತಿತ್ತೋ ಏನೋ. ಅತ್ತೆಗೆ ಅರ್ಥವಾದದ್ದು ಒಂದೇ. ಹೋಟೆಲು ತುಂಬ ಗಿರಾಕಿಗಳು ಕಾದು ಕುಳಿತಿದ್ದಾರೆ, ಸೂಪು ಇನ್ನೂ ಹೊರಗೆ ಬಂದಿಲ್ಲ, ಹಸಿದವರು ಕೂಗಾಡುತ್ತಿದ್ದಾರೆ, ಮಗ ಗಲ್ಲಾದಲ್ಲಿ ಬಾಯಿ ಬಿಟ್ಟುಕೊಂಡು ಕುಳಿತಿದ್ದಾನೆ. ತಮ್ಮ ಹೋಟೆಲಿನಲ್ಲಿ, ತಮ್ಮ ಕಾಲದಲ್ಲಿ ಇಂಥ ಮಾನಗೇಡು ಆಗಿದ್ದೇ ಇಲ್ಲ. ಮುಖದ ನೆನಪಾಗುವ ಮೊದಲೇ ಕಾಲು ಚಪ್ಪಲಿ ಹುಡುಕಿದ್ದವು.

ಸೊಸೆಗೆ ಹಿಂದಿನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಆ ಸದ್ದು ಅವಳಿಗೆ ಗೊತ್ತು. ತಿರುಗಿ, "ಅತ್ತೆ, ಬೇಡ, ಹೋಗಿ," ಅನ್ನುವಷ್ಟರಲ್ಲಿ ಅವರು ಸಿಟ್ಟಿನಲ್ಲಿ ಅವಳನ್ನು ಪಕ್ಕಕ್ಕೆ ಸರಿಸಿ ಬಾಗಿಲಿಗೇ ಬಂದಿದ್ದರು. ತಲೆ ಕೆದರಿತ್ತು, ಸೆರಗು ಹೇಗೆಹೇಗೋ ಇತ್ತು.

"ಯಾಕ್ರಪ್ಪಾ ಹಿಂಗೆ ಕೂಗ್ತೀರಾ?" ಅಂದರು. "ಬರ್ತಾಳೆ, ತಾಳಿ. ಕೂತ್ಕೊಳ್ಳಿ ಎಲ್ಲಾರೂ."

ಬೀದಿ ಗಪ್‌ಚಿಪ್ಪಾಯಿತು. ಎತ್ತಿದ ಫೋನುಗಳು ಎತ್ತಿದ ಹಾಗೇ ಇದ್ದವು. ಮುಗಿಯಿತು ಅಂದುಕೊಂಡಳು ಸೊಸೆ. ಹೋಟೆಲು ಉಳಿಯಿತು, ತನ್ನ ಮಾತು ಹೋಯಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಜೆರಾಕ್ಸಿನವನ ದನಿ ಬಂತು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ.

"ಇವರು ಅವರಲ್ಲ."

"ಹೌದಲ್ವಾ," ಅಂದಿತು ಇನ್ನೊಂದು ದನಿ. "ಮುಖ ಬೇರೆ ಇದೆ." "ದನಿ ಕೇಳಿ, ದನೀನೂ ಬೇರೆ." ಹಳೆಯ ವಿಡಿಯೋ ತೆಗೆದು ಪಕ್ಕಪಕ್ಕ ಹಿಡಿದು ನೋಡಿದರು. "ಯಾರನ್ನೋ ಹಿಡ್ಕೊಂಡು ಬಂದಿದಾರೆ." "ಎಂಥಾ ಜನ ಅಪ್ಪಾ ಇವರು, ಬದಲಿ ಅಜ್ಜಿನೂ ರೆಡಿ ಮಾಡಿಟ್ಟಿದ್ರು."

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಗ ನೆನಪಾಗಿ ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು. ಸೊಸೆ ಅದನ್ನು ನೋಡಿದಳು. ಅತ್ತೆ ಕೆನ್ನೆ ಹಿಡಿದುಕೊಂಡೇ ಜೆರಾಕ್ಸಿನವನ ಮುಂದೆ ಹೋಗಿ ನಿಂತರು.

"ನಾನು ಯಾರೋ?"

"ನನಗೇನು ಗೊತ್ತು ಅಮ್ಮ."

"ನಿನಗೆ ಮೆಣಸು ಜಾಸ್ತಿ, ಉಪ್ಪು ಕಮ್ಮಿ. ಬ್ರೆಡ್ಡಿನ ಅಂಚು ಕತ್ತರಿಸ್ಬೇಕು. ನಿನ್ನ ಹೆಂಡತಿ ತವರಿಗೆ ಹೋದಾಗೆಲ್ಲ ರಾತ್ರಿಗೂ ಇಲ್ಲೇ. ಅಲ್ವೇನೋ?"

ಅವನ ಕಿವಿ ಕೆಂಪಾಯಿತು. ಗೊತ್ತಾಗಿತ್ತು ಅವನಿಗೆ, ಚೆನ್ನಾಗಿಯೇ ಗೊತ್ತಾಗಿತ್ತು. ಆದರೆ ಇಷ್ಟು ದಿನ ಕಿಟಕಿಯ ಫೋಟೋ ಹಾಕಿ ಬೆನ್ನು ತಟ್ಟಿಸಿಕೊಂಡವನು, ಹಿಂದೆ ಅಷ್ಟು ಜನ ನಿಂತಿರುವಾಗ, ನಾನು ತಪ್ಪು ಅಂತ ಹೇಗೆ ಹೇಳುತ್ತಾನೆ. "ಇದೆಲ್ಲ ಹೇಳಿಕೊಟ್ಟಿರ್ತಾರೆ," ಅಂದ, ನೆಲ ನೋಡುತ್ತ.

ಜನ ಸ್ವಲ್ಪ ಹೊತ್ತು ಗುಜುಗುಜು ಮಾಡಿ ಕರಗಿದರು. ಬಂದದ್ದಕ್ಕೆ ವಿಡಿಯೋ ಸಿಕ್ಕಿತ್ತು, ಬಿಸಿಲೂ ಜೋರಾಗಿತ್ತು. ಅತ್ತೆ ಬೀದಿಯಲ್ಲೇ ನಿಂತು ಅವರ ಬೆನ್ನು ನೋಡುತ್ತಿದ್ದರು. ಸೊಸೆ ಅವರ ಕೈ ಹಿಡಿದು ಒಳಗೆ ಕರೆತಂದು ಕೂರಿಸಿ, ಇಷ್ಟು ದಿನ ಮುಚ್ಚಿಟ್ಟದ್ದನ್ನೆಲ್ಲ ಹೇಳಿದಳು. ಫ್ರಿಜ್ಜು, ಪರದೆ, ನರ್ಸು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು. ಅವಳು ಇಷ್ಟು ದಿನದಲ್ಲಿ ಅತ್ತದ್ದು ಅದೊಂದೇ ಸಲ.

"ಮಾತು ಕೊಟ್ಟಿದ್ದೆ ಅತ್ತೆ ನಾನು. ಯಾರಿಗೂ ತೋರಿಸಲ್ಲ ಅಂತ."

"ನೀನೆಲ್ಲಿ ತೋರಿಸ್ದೆ? ಬಂದವಳು ನಾನು." ಅತ್ತೆಯ ಓರೆಯಾದ ತುಟಿಯ ಒಂದು ತುದಿ ಮೇಲೆದ್ದಿತು. ನಗುವೋ ಅಲ್ಲವೋ ಅಂತ ತಿಳಿಯಲು ಸೊಸೆಗೆ ಒಂದು ಗಳಿಗೆ ಬೇಕಾಯಿತು. "ಅಲ್ವೇ, ನನ್ನ ಬೇಯಿಸಿದ್ರೆ ಅಷ್ಟು ರುಚಿ ಬರ್ತಿತ್ತಾ? ಮೂಳೆ ಬಿಟ್ಟು ಏನಿದೆ ನನ್ನ ಹತ್ರ?"

"ಅತ್ತೆ..."

"ತಾಳು. ಇಷ್ಟು ದಿನ ನಾನು ಯಾಕೆ ಮೇಲೆ ಕೂತಿದ್ದೆ? ನೋಡಿದೋರು ಗಲ್ಲಾ ಅಮ್ಮ ಹೆಂಗಾಗೋದ್ಲು ನೋಡು ಅಂತಾರೆ ಅಂತ. ಈಗ ನೋಡಿದ್ರಲ್ಲ, ಊರೇ ಸೇರಿ ನೋಡಿದ್ರು. ಇವಳು ಅವಳಲ್ಲ ಅಂದ್ರು." ಅವರು ಕೆನ್ನೆಯಿಂದ ಕೈ ತೆಗೆದರು. "ಅವಳಲ್ಲದ ಮೇಲೆ ನನಗೆಂಥ ನಾಚಿಕೆ?"

ಮಗನಿಗೆ ಗಲ್ಲಾದಿಂದ ಏಳು ಅಂತ ಕಣ್ಣಲ್ಲೇ ಹೇಳಿದರು. ಅವನು ಗಡಬಡಿಸಿ ಎದ್ದ. ಸೊಸೆ ಸೆರಗಿನಿಂದ ಗಲ್ಲಾದ ಮೇಜು ಒರೆಸಿದಳು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಅಂತ ಯಾರಾದರೂ ಅಂದುಕೊಂಡಿದ್ದರೆ ಅವರಿಗೆ ಈ ಜನ ಗೊತ್ತಿಲ್ಲ. ನಕಲಿ ಅತ್ತೆಯ ಮೇಲೆ ಹೊಸ ಹೊಸ ವಿಡಿಯೋಗಳು ಬಂದವು. ನಾಟಕದ ಕಂಪನಿಯಿಂದ ತಂದವಳು ಅಂದರು, ಮುಖಕ್ಕೆ ಮೇಣ ಹಚ್ಚಿದ್ದಾರೆ ಅಂದರು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ, ಏನೂ ಆಗಿಲ್ಲವೇನೋ ಅನ್ನುವ ಹಾಗೆ ಬಂದು ಕುಳಿತರು. ಕೆಲವರು ಅತ್ತೆಯ ಮುಖ ನೋಡಿ ಕಣ್ಣು ತುಂಬಿಕೊಂಡರು, ಅವರಿಗೆ ಅತ್ತೆ ಊಟ ಬೇಗ ಮುಗಿಸಿ ಅಂತ ಗದರಿದರು. ಬಾರದವರು ಬರಲೇ ಇಲ್ಲ. ಷಟರಿನ ಮೇಲೆ ಆಗೊಮ್ಮೆ ಈಗೊಮ್ಮೆ ಗೀಚು ಬೀಳುತ್ತಲೇ ಇತ್ತು. ಸೊಸೆ ಸೀಮೆಎಣ್ಣೆ ಬಟ್ಟೆಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಳು, ಅಲ್ಲೇ ಇರಲಿ ಅಂತ.

ಒಂದು ಮಧ್ಯಾಹ್ನ ಅಪರಿಚಿತನೊಬ್ಬ ಫೋನು ಮುಂದೆ ಹಿಡಿದುಕೊಂಡು ಗಲ್ಲಾದ ಎದುರಿಗೆ ಬಂದು ನಿಂತ. ಸೊಸೆ ಕಿಂಡಿಯಿಂದ ನೋಡಿ ಸೌಟು ಕೆಳಗಿಟ್ಟಳು.

"ನೀವು ನಿಜವಾದ ಗಲ್ಲಾ ಅಮ್ಮ ಅಲ್ವಂತೆ?" ಅಂದ ಅವನು.

"ಅಲ್ಲಪ್ಪ," ಅಂದರು ಅತ್ತೆ. "ನಾನು ಬದಲಿಯವಳು. ಊಟಕ್ಕೆ ಕೂರ್ತೀಯಾ, ನಿಂತೇ ಇರ್ತೀಯಾ?"

ಅವನು ಫೋನು ಕೆಳಗಿಳಿಸಿದ. ಬಿಸಿ ಸೂಪಿನ ವಾಸನೆ ಬೇರೆ ಬರುತ್ತಿತ್ತು. ಕುರ್ಚಿ ಎಳೆದುಕೊಂಡ. ಆ ಸದ್ದಿಗೆ ಅತ್ತೆಯ ಬೆನ್ನು ನೆಟ್ಟಗಾದದ್ದನ್ನು ಸೊಸೆ ಕಂಡಳು. ಕೆಳಗೆ ಬಂದು ಇಷ್ಟು ದಿನವಾದರೂ ಅವರು ಆ ಹಳೆಯ ಕೂಗು ಹಾಕಿರಲಿಲ್ಲ. ಶುರುವಿನ ಮ ಅಕ್ಷರಕ್ಕೆ ತುಟಿ ಕೂಡುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅತ್ತೆ ತಲೆ ತಿರುಗಿಸಲಿಲ್ಲ. ಉಸಿರೆಳೆದುಕೊಂಡು, ಬಾಯಿ ಹೋದಷ್ಟು ಅಗಲಿಸಿ, ಎದುರಿನ ಜೆರಾಕ್ಸ್ ಅಂಗಡಿಯವರೆಗೂ ಕೇಳುವ ಹಾಗೆ ಕೂಗಿದರು:

"ಉದುಕಿ ಎಲ್ಲಿ?"

ಅಡುಗೆಮನೆಯಲ್ಲಿ ಒಂದು ಕ್ಷಣ ಎಲ್ಲರ ಕೈಯೂ ನಿಂತಿತು. ಅಡುಗೆಯಣ್ಣ ಕೋಲಿಗೆ ಕೈ ಹಾಕುವ ಮೊದಲೇ ಸೊಸೆ ಅದನ್ನು ಎಳೆದುಕೊಂಡು, ರಿವೆಟ್ ಹೊಡೆದ ಕಿವಿಗೆ ತಾನೇ ತೂರಿಸಿ, ಇನ್ನೊಂದು ತುದಿ ಅವನಿಗೆ ಕೊಟ್ಟು, ಹೆಗಲು ಕೊಟ್ಟು ಎದ್ದಳು.

"ಬಂದ್ಲು ಅತ್ತೆ," ಅಂದಳು. "ಬಂದ್ಲು."